ಹಿನ್ನೆಲೆ ಹಾಡಿನಿಂದ ವಿಮೆ ನಿಂತಿದ್ದರೆ

ನಿಮ್ಮ ಸಾಕ್ಷ್ಯಚಿತ್ರದ ಒಂದು ದೃಶ್ಯದ ಹಿಂದೆ 40 ಸೆಕೆಂಡು ರೇಡಿಯೋ ಹಾಡು ಕೇಳಿಸುತ್ತದೆ, ವಿಮೆ ಇಲ್ಲವೆಂದು ಚಾನೆಲ್‌ನವರು ಚಿತ್ರ ವಾಪಸ್ ಕಳಿಸಿದ್ದಾರೆ ಅಂತಿಟ್ಟುಕೊಳ್ಳಿ. ಕಾರಣ ಬಹುಶಃ ಆ ಹಾಡೇ ಅಲ್ಲ. ಅದನ್ನು ಯಾವ ಹಕ್ಕಿನಿಂದ ಬಳಸಿದ್ದೀರಿ ಅನ್ನೋದಕ್ಕೆ ಕಾಗದ ಇಲ್ಲದಿರುವುದು. ಎರರ್ಸ್ ಅಂಡ್ ಒಮಿಷನ್ಸ್ ವಿಮೆಯವರು (ಚಿತ್ರದ ಮೇಲೆ ಕಾಪಿರೈಟ್‌ನಂಥ ದಾವೆ ಬಂದರೆ ಖರ್ಚು ಭರಿಸುವವರು) ಕೇಳುವುದೇ ಅದನ್ನು.

ಮೊದಲು ಚಿತ್ರವನ್ನು ಇನ್ನೊಮ್ಮೆ ನೋಡುತ್ತಾ, ನಿಮ್ಮದಲ್ಲದ ಪ್ರತಿಯೊಂದನ್ನೂ ಟೈಮ್‌ಕೋಡ್ ಸಮೇತ ಬರೆದಿಡಿ: ಹಾಡು, ಗೋಡೆಯ ಪೋಸ್ಟರ್, ಟಿವಿ ಪರದೆ. ನನ್ನ ಚಿತ್ರದಲ್ಲಿ ಬಡಗಿಯೊಬ್ಬರ ಮಾತಿನ ಹಿಂದೆ ರೇಡಿಯೋ ಕೇಳುತ್ತಿತ್ತು. "ಶೂಟಿಂಗ್ ವೇಳೆ ತಾನಾಗಿ ಸಿಕ್ಕಿದ್ದು, ನಾವು ಹಾಕಿದ್ದಲ್ಲ" ಅಂತ ಅದರ ಎದುರು ಬರೆದೆ. ಈ ಮಾತಿಗೆ ತುಂಬಾ ಬೆಲೆ ಇದೆ. ನೀವು ಎಡಿಟಿಂಗ್‌ನಲ್ಲಿ ಹಾಡನ್ನು ಮುಂದಿನ ದೃಶ್ಯಕ್ಕೂ ಎಳೆದಿದ್ದರೆ ಮಾತ್ರ ಈ ವಾದ ನಿಲ್ಲುವುದು ಕಷ್ಟ. ಅಷ್ಟನ್ನು ತೆಗೆದುಬಿಡಿ.

ಆಮೇಲೆ ಆ ಪಟ್ಟಿ ಹಿಡಿದು ಕಾಪಿರೈಟ್ ವಕೀಲರಿಂದ ಲಿಖಿತ ಅಭಿಪ್ರಾಯ ಪಡೆಯಿರಿ. ಚಿತ್ರ ಎಲ್ಲಿ ಪ್ರಸಾರ ಆಗುತ್ತದೋ ಅಲ್ಲಿನ ಕಾನೂನು ಬಲ್ಲವರೇ ಬೇಕು. ಅಮೆರಿಕದಲ್ಲಿ ಫೇರ್ ಯೂಸ್ ಇದೆ, ಅಂದರೆ ಕೆಲವು ಸಂದರ್ಭಗಳಲ್ಲಿ ಅನುಮತಿ ಇಲ್ಲದೆಯೂ ಬಳಸಲು ಬಿಡುವ ನಿಯಮ. ಬ್ರಿಟನ್ನಿನ 1988ರ ಕಾಪಿರೈಟ್ ಕಾಯ್ದೆಯ 31ನೇ ಸೆಕ್ಷನ್ ಆಕಸ್ಮಿಕವಾಗಿ ಸೇರಿದ್ದಕ್ಕೆ ವಿನಾಯಿತಿ ಕೊಡುತ್ತದೆ, ಬೇಕಂತಲೇ ಸೇರಿಸಿದ ಸಂಗೀತಕ್ಕೆ ಕೊಡುವುದಿಲ್ಲ. ಫೀಸು ಜಾಸ್ತಿ ಅನ್ನಿಸಿದರೆ ಕಾನೂನು ಕಾಲೇಜುಗಳು ನಡೆಸುವ ಕಾನೂನು ನೆರವಿನ ಕ್ಲಿನಿಕ್ ವಿಚಾರಿಸಿ. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಸಾಕ್ಷ್ಯಚಿತ್ರಗಳಿಗೆಂದೇ ಒಂದಿದೆ.

ವಕೀಲರ ಅಭಿಪ್ರಾಯದ ಪತ್ರ ಇದ್ದರೂ ವಿಮೆಯವರು ಒಪ್ಪಿಯೇ ತೀರುತ್ತಾರೆ ಅಂತ ಖಾತ್ರಿ ಇಲ್ಲ. ಒಪ್ಪದಿದ್ದರೆ ಹಾಡಿನ ರಚನೆಗೆ ಒಂದು, ಧ್ವನಿಮುದ್ರಣಕ್ಕೆ ಒಂದು, ಹೀಗೆ ಎರಡು ಲೈಸೆನ್ಸ್ ಬೇಕು. ಇಲ್ಲವೇ, ಕಾಲರ್ ಮೈಕ್‌ನ ಟ್ರ್ಯಾಕ್ ಬೇರೆಯಾಗಿದ್ದು ಅದರಲ್ಲಿ ಹಾಡು ಕೇಳಿಸದೆ ಮಾತು ಸ್ಪಷ್ಟವಾಗಿದ್ದರೆ, ಅದನ್ನಷ್ಟೇ ಉಳಿಸಿಕೊಳ್ಳಿ.