ಓದುಗರ ಪ್ರಶ್ನೆ, ನಮ್ಮ ಉತ್ತರ: ಸೈಕಲ್ ಸವಾರರ ಸಂಘಟನೆ ಮತ್ತು ಹಕ್ಕು

ಕರಾವಳಿಯ ರಸ್ತೆಗಳಲ್ಲಿ ಸೈಕಲ್ ತುಳಿಯುವವರ ಪಾಡಿನ ಕುರಿತು ಕಳೆದ ಸಂಚಿಕೆಯಲ್ಲಿ ಬರೆದಿದ್ದ ಟಿಪ್ಪಣಿಗೆ ಮಂಗಳೂರು, ಉಡುಪಿ ಕಡೆಗಳಿಂದ ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಬರೆದವರ ಹೆಸರನ್ನು ಬಿಟ್ಟು ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ನಾವು ಏಳೆಂಟು ಗೆಳೆಯರು ಎರಡು ವರ್ಷಗಳಿಂದ ಪ್ರತಿ ರವಿವಾರ ಬೆಳಿಗ್ಗೆ ಲೇಡಿಹಿಲ್‌ನಿಂದ ಪಣಂಬೂರಿನವರೆಗೆ ಸೈಕಲ್‌ನಲ್ಲಿ ಹೋಗಿಬರುತ್ತಿದ್ದೇವೆ. ಹೊಸಬರು ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ. ಕೂಳೂರು ಸೇತುವೆಯ ಕಡೆ ರಸ್ತೆಯ ಅಂಚು ಸರಿಪಡಿಸಬೇಕೆಂದು ಕಚೇರಿಯೊಂದಕ್ಕೆ ಮನವಿ ಕೊಟ್ಟು ವರ್ಷವಾಯಿತು, ಉತ್ತರವಿಲ್ಲ. ಸಂಘವನ್ನು ನೋಂದಾಯಿಸಿದರೆ ನಮ್ಮ ಮಾತಿಗೆ ಬೆಲೆ ಬಂದೀತೇ? – ಉರ್ವ, ಮಂಗಳೂರು

ಉತ್ತರ: ನೋಂದಣಿ ಕಷ್ಟದ ಕೆಲಸವೇನೂ ಅಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಪ್ರಕಾರ ಏಳು ಮಂದಿ ಇದ್ದರೆ ಸಂಘ ಕಟ್ಟಬಹುದು. ಬ್ಯಾಂಕ್ ಖಾತೆ ತೆರೆಯುವುದಕ್ಕೂ ಲೆಕ್ಕಪತ್ರ ಇಡುವುದಕ್ಕೂ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಮೊಹರು ಒತ್ತಿದ ಮಾತ್ರಕ್ಕೆ ಪತ್ರಕ್ಕೆ ತೂಕ ಬರುವುದಿಲ್ಲ. ನಿಮ್ಮ ಬೆನ್ನ ಹಿಂದೆ ಎಷ್ಟು ಜನರಿದ್ದಾರೆ, ಅವರು ಯಾರು ಎಂಬುದನ್ನು ಕಚೇರಿಯವರು ನೋಡುತ್ತಾರೆ. ಆದುದರಿಂದ ಹೊಸಬರು ಮರಳಿ ಬಾರದ ಸಂಗತಿಯನ್ನೇ ಮೊದಲು ಎತ್ತಿಕೊಳ್ಳೋಣ.

ನಾನು ಕಂಡಂತೆ ಅದಕ್ಕೆ ಮುಖ್ಯ ಕಾರಣ ವೇಗ. ಗೇರ್ ಸೈಕಲ್‌ನಲ್ಲಿ ಎರಡು ವರ್ಷ ಪಳಗಿದವರ ಜೊತೆಗೆ, ಮೆಟ್ಟಿಲ ಕೆಳಗೆ ಬಿದ್ದಿದ್ದ ಹಳೆಯ ಸೈಕಲನ್ನು ಒರೆಸಿ ತಂದವರು ಹೊರಟರೆ, ಕೊಟ್ಟಾರದ ಫ್ಲೈಓವರ್ ಬರುವಷ್ಟರಲ್ಲಿ ಹಿಂದುಳಿದು ಹೆದ್ದಾರಿಯಲ್ಲಿ ಒಂಟಿಯಾಗುತ್ತಾರೆ. ಹಿಂದಿನಿಂದ ಲಾರಿ, ಪಕ್ಕದಲ್ಲಿ ಬಸ್ಸು, ಜೊತೆಯವರು ಕಣ್ಣಿಗೆ ಕಾಣದಷ್ಟು ಮುಂದೆ. ಮುಂದಿನ ವಾರ ಅವರು ಮನೆಯಲ್ಲೇ ಉಳಿಯುವುದರಲ್ಲಿ ಆಶ್ಚರ್ಯವೇನಿದೆ? ತಿಂಗಳಲ್ಲಿ ಎರಡು ರವಿವಾರವಾದರೂ ಹೆದ್ದಾರಿಯನ್ನು ಬಿಟ್ಟು, ಹತ್ತು ಕಿಲೋಮೀಟರ್ ಮೀರದ ನಿಧಾನ ಸವಾರಿಯನ್ನು ಇಟ್ಟುಕೊಳ್ಳಿ. ದಾರಿ ಬಲ್ಲವರೊಬ್ಬರು ಮುಂದಿರಲಿ. ಪಂಕ್ಚರ್ ಹಾಕಲು ಬಲ್ಲವರೊಬ್ಬರು ಎಲ್ಲರಿಗಿಂತ ಹಿಂದೆ ಇರಲಿ, ಅವರ ಹಿಂದೆ ಯಾರೂ ಉಳಿಯದಿರಲಿ. ಅದಕ್ಕೂ ಮೊದಲು ನಿಮ್ಮ ಕಡೆಯ ಸೈಕಲ್ ರಿಪೇರಿಯವರನ್ನು ಒಪ್ಪಿಸಿ, ಸಂಬಳ ಕೊಟ್ಟು, ಒಂದು ದಿನ ಒಂದು ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಕೂರಿಸಿಕೊಳ್ಳಿ. ಕಡಲ ಗಾಳಿಯ ಉಪ್ಪಿಗೆ ಚೈನು, ರಿಮ್ಮು, ಬ್ರೇಕ್ ಕೇಬಲ್ ಎಲ್ಲ ತುಕ್ಕು ಹಿಡಿದು ನಿಂತಿರುವ ಸೈಕಲ್‌ಗಳು ನಮ್ಮಲ್ಲಿ ಬಹಳ ಇವೆ. ಅವುಗಳಲ್ಲಿ ಹತ್ತು ಸರಿಯಾದರೆ ಹತ್ತು ಮಂದಿಯ ನೆವಗಳು ಕಡಿಮೆಯಾಗುತ್ತವೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನೀವು ರವಿವಾರ ಹೋಗುವ ಅದೇ ದಾರಿಯಲ್ಲಿ ವಾರದ ಉಳಿದ ಆರೂ ದಿನ ಸೈಕಲ್ ತುಳಿಯುವವರಿದ್ದಾರೆ. ಬೈಕಂಪಾಡಿಯ ಕಾರ್ಖಾನೆಗಳಿಗೆ ಪಾಳಿಯ ಕೆಲಸಕ್ಕೆ ಹೋಗುವವರು, ಕಟ್ಟಡದ ಕೆಲಸಕ್ಕೆ ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ಬಂದವರು, ರಾತ್ರಿ ಪಾಳಿ ಮುಗಿಸಿ ಮರಳುವ ಕಾವಲುಗಾರರು, ಮನೆಮನೆಗೆ ಪತ್ರಿಕೆ ಹಾಕುವ ಹುಡುಗರು – ಇವರಿಗೆ ಸೈಕಲ್ ಹವ್ಯಾಸವಾಗಿರದೆ ದಿನದ ಅನ್ನದ ದಾರಿಯಾಗಿದೆ. ನಿಮ್ಮ ಗುಂಪಿಗೆ ಅವರು ತಾವಾಗಿ ಬರಲಾರರು. ನೀವೇ ಅವರ ಬಳಿಗೆ ಹೋಗಬೇಕು. ಒಂದು ವಾರದ ದಿನ ಕೂಳೂರಿನಲ್ಲಿ ಬೆಳಿಗ್ಗೆ ಆರೂವರೆಯಿಂದ ಎಂಟೂವರೆಯವರೆಗೆ, ಮತ್ತೆ ಸಂಜೆ ಐದರಿಂದ ಏಳರವರೆಗೆ, ಇಬ್ಬರು ನೋಟ್‌ಬುಕ್ ಹಿಡಿದು ನಿಂತು ಸಾಗುವ ಸೈಕಲ್‌ಗಳನ್ನು ಎಣಿಸಿರಿ. ಕೆಲಸದವರು, ವಿದ್ಯಾರ್ಥಿಗಳು, ಮಹಿಳೆಯರು, ಹಿಂದಿನ ದೀಪ ಇಲ್ಲದವರು ಎಂದು ಗೆರೆ ಎಳೆದು ಬರೆದುಕೊಳ್ಳಿ. "ಇಲ್ಲಿ ಸೈಕಲ್ ಬಿಡುವವರು ಯಾರಿದ್ದಾರೆ?" ಎಂಬ ಪ್ರಶ್ನೆಗೆ ಆ ಒಂದು ಹಾಳೆಗಿಂತ ಒಳ್ಳೆಯ ಉತ್ತರವನ್ನು ನಾನು ಕಾಣೆ.

ಇನ್ನು ಮನವಿಯ ವಿಚಾರ. ನೀವು ಕಳುಹಿಸಿದ ಪ್ರತಿಯಲ್ಲಿ ಸೈಕಲ್ ಸವಾರರಿಗೆ ಸೂಕ್ತ ಸೌಲಭ್ಯ ಕಲ್ಪಿಸಬೇಕೆಂದಷ್ಟೇ ಇದೆ. ಇದನ್ನು ಓದಿದ ಅಧಿಕಾರಿ ನಾಳೆ ಬೆಳಿಗ್ಗೆ ಏನು ಮಾಡಬೇಕೆಂಬುದು ಅದರಲ್ಲಿ ಇಲ್ಲ. ಮೇಲಾಗಿ ಅದು ತಲುಪಿರುವುದು ಆ ರಸ್ತೆಗೆ ಸಂಬಂಧವಿಲ್ಲದ ಕಚೇರಿಗೆ. ಕೊಟ್ಟಾರ ಚೌಕಿಯಿಂದ ಕೂಳೂರು, ಪಣಂಬೂರಿನತ್ತ ಹೋಗುವುದು ರಾಷ್ಟ್ರೀಯ ಹೆದ್ದಾರಿ 66; ಅದಕ್ಕೆ ಹೆದ್ದಾರಿ ಪ್ರಾಧಿಕಾರದ ಯೋಜನಾ ನಿರ್ದೇಶಕರಿಗೆ ಬರೆಯಬೇಕು, 1033 ಸಂಖ್ಯೆಗೆ ಕರೆ ಮಾಡಿಯೂ ದೂರು ದಾಖಲಿಸಬಹುದು. ನಗರದೊಳಗಿನ ರಸ್ತೆಗಳು ಮಹಾನಗರಪಾಲಿಕೆಯವು, ಕೆಲವು ಲೋಕೋಪಯೋಗಿ ಇಲಾಖೆಯವು. ರಸ್ತೆ ಯಾರದೆಂದು ತಿಳಿದ ಮೇಲೆ ಒಂದು ಪತ್ರದಲ್ಲಿ ಒಂದೇ ಸ್ಥಳ, ಒಂದೇ ದೋಷ, ಒಂದೇ ಪರಿಹಾರ ಇರಲಿ. ಕಾಂಕ್ರೀಟಿನ ಅಂಚಿಗೂ ಪಕ್ಕದ ಮಣ್ಣಿಗೂ ನಡುವೆ ಎಷ್ಟು ಇಂಚಿನ ಇಳಿತವಿದೆ ಎಂದು ಟೇಪ್ ಹಿಡಿದು ಫೋಟೊ ತೆಗೆಯಿರಿ. ಚರಂಡಿಯ ಮೇಲಿನ ಕಬ್ಬಿಣದ ಸರಳುಗಳು ರಸ್ತೆಯ ಉದ್ದಕ್ಕೆ ಇದ್ದರೆ ಸೈಕಲ್‌ನ ಚಕ್ರ ಅದರಲ್ಲಿ ಸಿಕ್ಕಿಬೀಳುತ್ತದೆ. ಅಡ್ಡಕ್ಕೆ ಇರಿಸಿದರೆ ಬೀಳುವುದಿಲ್ಲ. ಇಷ್ಟನ್ನು ಬರೆದರೆ ಕಿರಿಯ ಎಂಜಿನಿಯರ್ ಅಂದಾಜುಪಟ್ಟಿ ತಯಾರಿಸಬಲ್ಲರು. ಪ್ರತ್ಯೇಕ ಸೈಕಲ್ ಪಥವನ್ನು ಕೇಳುವಾಗ ಅದರ ವಿನ್ಯಾಸಕ್ಕೆಂದೇ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2015ರಲ್ಲಿ ಪರಿಷ್ಕರಿಸಿದ ಐ.ಆರ್.ಸಿ. 11 ಮಾರ್ಗಸೂಚಿಯನ್ನೂ, ವಾಹನಗಳಿಗಿಂತ ಜನರ ಸಂಚಾರಕ್ಕೆ ಆದ್ಯತೆ ಎಂದು ಸಾರಿದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯನ್ನೂ ಉಲ್ಲೇಖಿಸಿರಿ.

ಪತ್ರಕ್ಕೆ ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ, ನಿಮ್ಮ ಪತ್ರದ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿಯನ್ನು ಕೇಳಿರಿ. 30 ದಿನಗಳೊಳಗೆ ಅವರು ಉತ್ತರಿಸಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯಲ್ಲಿ ಪೊಲೀಸರೂ ರಸ್ತೆಯ ಎಂಜಿನಿಯರುಗಳೂ ಒಂದೇ ಮೇಜಿನ ಸುತ್ತ ಕೂರುತ್ತಾರಾದ್ದರಿಂದ, ನಿಮ್ಮ ಎಣಿಕೆಯ ಹಾಳೆಯ ಒಂದು ಪ್ರತಿ ಅಲ್ಲಿಗೂ ತಲುಪಲಿ.

ಪ್ರಶ್ನೆ: ಹೆದ್ದಾರಿಯಲ್ಲಿ ಸೈಕಲ್ ಬಿಡಲು ಪರವಾನಗಿ ಬೇಕೇ? ಮೊನ್ನೆ ಬಸ್ಸಿನ ಚಾಲಕರೊಬ್ಬರು "ಇದು ಸೈಕಲ್‌ನವರ ರಸ್ತೆಯಲ್ಲ" ಎಂದು ಗದರಿದರು. – ಪಡುಬಿದ್ರಿ

ಉತ್ತರ: ಬೇಡ. 1988ರ ಮೋಟಾರು ವಾಹನ ಕಾಯ್ದೆ ಹೇಳುವ ಮೋಟಾರು ವಾಹನದ ವ್ಯಾಖ್ಯೆಯೊಳಗೆ ತುಳಿಯುವ ಸೈಕಲ್ ಬರುವುದಿಲ್ಲ. ಆದುದರಿಂದ ಪರವಾನಗಿ, ನೋಂದಣಿ, ವಿಮೆ ಯಾವುದನ್ನೂ ಯಾರೂ ಕೇಳುವಂತಿಲ್ಲ. ಹಿಂದೆ ಸ್ಥಳೀಯ ಆಡಳಿತಗಳು ಸೈಕಲ್‌ಗೆ ತೆರಿಗೆ ವಿಧಿಸಿ ಲೋಹದ ಬಿಲ್ಲೆ ಕೊಡುತ್ತಿದ್ದುದನ್ನು ಹಿರಿಯ ಓದುಗರು ಬಲ್ಲರು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಸೈಕಲ್, ಬೈಕು, ರಿಕ್ಷಾಗಳನ್ನು ನಿಷೇಧಿಸಿದ್ದು ಪ್ರತ್ಯೇಕ ಅಧಿಸೂಚನೆಯ ಮೂಲಕ. ಅಂಥ ಅಧಿಸೂಚನೆ ಇಲ್ಲದ ಹೆದ್ದಾರಿಯಲ್ಲಿ ಬಸ್ಸಿಗೆ ಇರುವಷ್ಟೇ ಹಕ್ಕು ಸೈಕಲ್‌ಗೂ ಇದೆ. ಸರ್ವಿಸ್ ರಸ್ತೆ ಇರುವಲ್ಲಿ ಅದನ್ನು ಬಳಸಿರಿ. ಆದರೆ ಅಲ್ಲಿ ಎದುರು ದಿಕ್ಕಿನಿಂದ ನುಗ್ಗುವ ಬೈಕುಗಳ ಮೇಲೆ ಕಣ್ಣಿಡಬೇಕಾಗುತ್ತದೆ.

ಪ್ರಶ್ನೆ: ಒಂಬತ್ತನೇ ತರಗತಿಯ ಮಗಳು ಶಾಲೆಗೆ ಸೈಕಲ್‌ನಲ್ಲಿ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ಮನೆ ಕುಂಜಿಬೆಟ್ಟಿನಲ್ಲಿ, ಕಲ್ಸಂಕ ವೃತ್ತ ದಾಟಿ ಹೋಗಬೇಕು. ಕಳುಹಿಸಲು ನನಗೂ ಆಸೆ, ಆದರೆ ಧೈರ್ಯ ಸಾಲುತ್ತಿಲ್ಲ. – ಉಡುಪಿ

ಉತ್ತರ: ನಿಮ್ಮ ಹೆದರಿಕೆಗೆ ಕಾರಣವಿದೆ, ಮಗಳ ಹಟಕ್ಕೂ ಕಾರಣವಿದೆ. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ತೊಡಗಿದ ಮೇಲೆ, ಪ್ರೌಢಶಾಲೆಗೆ ಬಸ್ಸಿಲ್ಲದ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ತಾವೇ ತುಳಿದುಕೊಂಡು ಹೋಗಿ ಓದು ಮುಂದುವರಿಸಿದ್ದನ್ನು ನಾವು ಕಂಡಿದ್ದೇವೆ. ಆ ಸ್ವಾತಂತ್ರ್ಯ ನಗರದ ಮಗುವಿಗೂ ಸಿಗಬೇಕು.

ಮೊದಲ ಒಂದು ವಾರ ನೀವೋ ಮನೆಯ ಇನ್ನೊಬ್ಬರೋ ಜೊತೆಗೆ ಸೈಕಲ್‌ನಲ್ಲೇ ಹೋಗಿರಿ. ಸ್ಕೂಟರಿನಲ್ಲಿ ಹಿಂಬಾಲಿಸಿದರೆ ಅವಳಿಗೆ ಎಲ್ಲಿ ಕಷ್ಟವಾಗುತ್ತದೆ ಎಂಬುದು ನಿಮಗೆ ಗೊತ್ತಾಗುವುದಿಲ್ಲ. ಕಲ್ಸಂಕದಲ್ಲಿ ವಾಹನಗಳ ನಡುವೆ ನುಸುಳುವುದು ಬೇಡ. ಇಳಿದು, ಸೈಕಲನ್ನು ತಳ್ಳಿಕೊಂಡು, ಪಾದಚಾರಿಯಾಗಿ ದಾಟಲಿ. ಸೀಟಿನ ಮೇಲೆ ಕೂತಾಗ ಕಾಲ್ಬೆರಳು ನೆಲಕ್ಕೆ ತಾಗಬೇಕು, ಬ್ರೇಕಿನ ಹಿಡಿಗೆ ಬೆರಳು ಸುಲಭವಾಗಿ ಎಟುಕಬೇಕು. ಪುಸ್ತಕದ ಚೀಲ ಹ್ಯಾಂಡಲಿಗೆ ತೂಗದೆ ಕ್ಯಾರಿಯರ್ ಮೇಲಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನಷ್ಟು ಎಚ್ಚರ ಬೇಕು. ಒದ್ದೆಯಾದ ರಿಮ್ಮನ್ನು ಬ್ರೇಕ್ ಬೇಗ ಹಿಡಿಯುವುದಿಲ್ಲ, ರಸ್ತೆಯ ಬಿಳಿ ಪಟ್ಟೆ ಮತ್ತು ಕಬ್ಬಿಣದ ಮುಚ್ಚಳಗಳು ಜಾರುತ್ತವೆ, ನೀರು ನಿಂತಲ್ಲಿ ಹೊಂಡ ಎಷ್ಟು ಆಳವೆಂದು ತಿಳಿಯುವುದಿಲ್ಲ. ಒಂದು ಕೈಯಲ್ಲಿ ಕೊಡೆ ಹಿಡಿದು ಸೈಕಲ್ ಬಿಡುವುದು ಬೇಡವೇ ಬೇಡ. ಹಳದಿ ಅಥವಾ ಕಿತ್ತಳೆ ಬಣ್ಣದ ರೈನ್‌ಕೋಟ್ ಕೊಡಿಸಿರಿ. ಜೋರು ಗಾಳಿ ಮಳೆಯ ದಿನ ಬಸ್ಸಿನಲ್ಲೇ ಹೋಗಲಿ, ಅದರಿಂದ ಅವಳು ಸೋತಂತೆ ಆಗುವುದಿಲ್ಲ.

ಅವಳೊಬ್ಬಳೇ ಹೋಗುವ ಬದಲು ಅದೇ ದಾರಿಯ ನಾಲ್ಕೈದು ಮಕ್ಕಳು ಒಂದೇ ಹೊತ್ತಿಗೆ ಹೊರಡುವಂತೆ ಪೋಷಕರು ಮಾತಾಡಿಕೊಂಡರೆ ವಾಹನದವರಿಗೂ ಅವರು ಎದ್ದು ಕಾಣುತ್ತಾರೆ. ನೆದರ್‌ಲ್ಯಾಂಡ್ಸ್ ದೇಶದಲ್ಲಿ 1971ರಲ್ಲಿ ರಸ್ತೆ ಅಪಘಾತಗಳಿಗೆ ಸುಮಾರು 3,300 ಮಂದಿ ಬಲಿಯಾದರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. "ಮಕ್ಕಳ ಕೊಲೆ ನಿಲ್ಲಿಸಿ" ಎಂದು ಅಲ್ಲಿನ ತಂದೆತಾಯಂದಿರು ಬೀದಿಗಿಳಿದರು. ಇಂದು ಜಗತ್ತು ಹೊಗಳುವ ಅಲ್ಲಿನ ಸೈಕಲ್ ಪಥಗಳ ಹಿಂದೆ ಆ ಹೋರಾಟವೂ ಇದೆ. ಶಾಲೆಯ ಪೋಷಕರ ಸಭೆಯಲ್ಲಿ ಈ ವಿಷಯವನ್ನು ಎತ್ತಿ, ಶಾಲೆ ಆರಂಭವಾಗುವ ಮತ್ತು ಬಿಡುವ ಅರ್ಧ ಗಂಟೆ ವೃತ್ತದಲ್ಲಿ ಸಂಚಾರ ಪೊಲೀಸರು ಮಕ್ಕಳನ್ನು ದಾಟಿಸಬೇಕೆಂದು ಎಲ್ಲರ ಸಹಿಯೊಡನೆ ಕೇಳಿರಿ. ಐವತ್ತು ತಾಯಂದಿರ ಸಹಿಯಿರುವ ಪತ್ರವನ್ನು ಬದಿಗಿಡುವುದು ಸುಲಭವಲ್ಲ.

ಪ್ರಶ್ನೆ: ಸೈಕಲ್‌ನಲ್ಲಿ ಹೋಗುತ್ತಿದ್ದ ನನ್ನ ತಂದೆಗೆ ಕಾರು ತಾಗಿ ಕಾಲು ಮುರಿದಿದೆ. ಕಾರಿನವರು ಸ್ವಲ್ಪ ಹಣ ಕೊಟ್ಟು ರಾಜಿಯಾಗೋಣ ಎನ್ನುತ್ತಿದ್ದಾರೆ. ಸೈಕಲ್‌ಗೆ ವಿಮೆ ಇಲ್ಲದ್ದರಿಂದ ಪರಿಹಾರ ಸಿಗುವುದಿಲ್ಲ ಎಂದು ಹಲವರು ಹೇಳಿದರು. – ಬ್ರಹ್ಮಾವರ

ಉತ್ತರ: ಹಾಗೆ ಹೇಳಿದವರ ಮಾತು ತಪ್ಪು. ಪರಿಹಾರ ಕೊಡಬೇಕಾದದ್ದು ಕಾರಿನ ಮೂರನೇ ವ್ಯಕ್ತಿ ವಿಮೆ. ಅದು ಇರುವುದೇ ನಿಮ್ಮ ತಂದೆಯಂಥವರಿಗಾಗಿ. ಮೊದಲು ಠಾಣೆಯಲ್ಲಿ ಎಫ್.ಐ.ಆರ್. ದಾಖಲಿಸಿ ಅದರ ಪ್ರತಿಯನ್ನು ಉಚಿತವಾಗಿ ಪಡೆಯಿರಿ. ದಾಖಲಿಸಲು ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ದೂರು ಕಳುಹಿಸಲು ಕಾನೂನಿನಲ್ಲೇ ಅವಕಾಶವಿದೆ. ಮಹಜರು ಆಗುವ ಮೊದಲು ಸೈಕಲನ್ನು ರಿಪೇರಿಗೆ ಕೊಡಬೇಡಿ, ಬರೆಯದ ಕಾಗದಕ್ಕೆ ಸಹಿ ಹಾಕಬೇಡಿ. ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ಬಿಲ್ಲುಗಳು, ಕೆಲಸ ತಪ್ಪಿದ ದಿನಗಳ ಲೆಕ್ಕ ಎಲ್ಲವನ್ನೂ ಕೂಡಿಸಿಟ್ಟುಕೊಂಡು, ಅಪಘಾತವಾದ ಆರು ತಿಂಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ವಕೀಲರ ಮೂಲಕ ಅರ್ಜಿ ಸಲ್ಲಿಸಿರಿ. ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಸಲ್ಲಿಸಬಹುದು. ಮೂಳೆ ಕೂಡಲು ಎಷ್ಟು ಕಾಲ ಬೇಕು, ಮತ್ತೆ ಎಷ್ಟು ಖರ್ಚು ಬಂದೀತು ಎಂಬುದು ಇನ್ನೂ ತಿಳಿಯದಿರುವಾಗ ಆತುರದ ರಾಜಿಗೆ ಒಪ್ಪುವುದು ತಂದೆಯವರಿಗೆ ನಷ್ಟ.

ಇತರ ಓದುಗರಿಗೂ ಇದು ತಿಳಿದಿರಲಿ: ಗುದ್ದಿದ ವಾಹನ ಯಾವುದೆಂದು ಪತ್ತೆಯಾಗದಿದ್ದರೂ 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರದ ಯೋಜನೆ ಜಾರಿಯಲ್ಲಿದೆ. 2025ರಲ್ಲಿ ಪ್ರಕಟವಾದ ಕೇಂದ್ರದ ಯೋಜನೆಯ ಪ್ರಕಾರ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆ ಸಿಗುತ್ತದೆ. ಸೈಕಲ್ ಸವಾರರೂ ಇವೆರಡಕ್ಕೂ ಅರ್ಹರು.

ಪ್ರಶ್ನೆ: ದಿನಾ ನಸುಕಿನ ಮೂರೂವರೆಗೆ ಸೈಕಲ್‌ನಲ್ಲಿ ದಕ್ಕೆಗೆ ಮೀನು ಇಳಿಸುವ ಕೆಲಸಕ್ಕೆ ಹೋಗುತ್ತೇನೆ. ದಾರಿಯಲ್ಲಿ ಕತ್ತಲೆ, ಮೀನಿನ ಲಾರಿಗಳ ಓಡಾಟ. ಸೈಕಲ್ ಸಂಘಗಳು ನಮ್ಮಂಥವರಿಗೂ ಇವೆಯೇ? ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ. – ಜೆಪ್ಪು, ಮಂಗಳೂರು

ಉತ್ತರ: ಇರಲೇಬೇಕು ಎಂಬುದೇ ಮೊದಲ ಪತ್ರಕ್ಕೆ ನಾನು ಕೊಟ್ಟ ಉತ್ತರದ ಸಾರ. ನಿಮ್ಮ ಪತ್ರವನ್ನು ಉರ್ವದ ಆ ಗೆಳೆಯರಿಗೆ ಕಳುಹಿಸಿದ್ದೇನೆ. ಅವರ ಎಣಿಕೆ ಬೆಳಿಗ್ಗೆ ಆರೂವರೆಗೆ ಶುರುವಾದರೆ ನೀವು ಲೆಕ್ಕಕ್ಕೆ ಸಿಗುವುದಿಲ್ಲ, ಹಾಗಾಗಿ ಒಂದು ದಿನ ನಸುಕಿನಲ್ಲೇ ಬಂದರಿನ ರಸ್ತೆಗೆ ಬರಬೇಕೆಂದು ಬರೆದಿದ್ದೇನೆ. ಅಲ್ಲಿಯವರೆಗೆ ಸೈಕಲ್‌ನ ಹಿಂದಕ್ಕೆ ಸೆಲ್ಲಿನ ಕೆಂಪು ದೀಪ, ಮುಂದಕ್ಕೆ ಬಿಳಿ ದೀಪ ಕಟ್ಟಿಕೊಳ್ಳಿ. ಹಿಂದಿನ ಮಡ್‌ಗಾರ್ಡಿಗೂ ಕ್ಯಾರಿಯರಿನ ಪೆಟ್ಟಿಗೆಗೂ ಬೆಳಕು ಬಿದ್ದರೆ ಮಿನುಗುವ ಪಟ್ಟಿ ಅಂಟಿಸಿರಿ. ಜೆಪ್ಪುವಿನಿಂದ ದಕ್ಕೆಯವರೆಗೆ ಯಾವ ಯಾವ ಕಂಬದ ದೀಪ ಉರಿಯುತ್ತಿಲ್ಲ ಎಂದು ನೋಡಿ, ಕಂಬದ ಮೇಲೆ ಬರೆದಿರುವ ಸಂಖ್ಯೆಗಳನ್ನು ಮಗಳಿಂದ ಬರೆಸಿ ನಮಗೆ ಕಳುಹಿಸಿರಿ. ಆ ಪಟ್ಟಿಯೊಂದಿಗೆ ದೂರು ಕೊಟ್ಟು, ಸ್ವೀಕೃತಿಯ ಪ್ರತಿಯನ್ನು ನಿಮ್ಮ ವಿಳಾಸಕ್ಕೆ ಕಳುಹಿಸುವುದು ನನ್ನ ಹೊಣೆ.