ಆರ್ಡ್‌ಬೆಗ್ ಆದಮೇಲೆ ಗ್ಲೆನ್‌ಮೊರಾಂಜಿ ಸಪ್ಪೆ ಅನಿಸುವುದಕ್ಕೆ

ಆರ್ಡ್‌ಬೆಗ್ ಕುಡಿದ ಮೇಲೆ ಗ್ಲೆನ್‌ಮೊರಾಂಜಿ ಸಪ್ಪೆ ಅನಿಸಿತು ಅಂದಿರಿ. ಎರಡೂ ಸ್ಕಾಚ್ ವಿಸ್ಕಿ, ಎರಡೂ ಬರ್ಬನ್ (ಅಮೆರಿಕನ್ ವಿಸ್ಕಿ) ತುಂಬಿದ್ದ ಪೀಪಾಯಿಯಲ್ಲಿ ಮಾಗಿದ್ದೇ, ಹಾಗಾಗಿ ತೊಂದರೆ ಬಹುಶಃ ನೀವು ಕುಡಿದ ಕ್ರಮದ್ದು. ಆರ್ಡ್‌ಬೆಗ್ ಟೆನ್ ಮೊದಲು ಕುಡಿದರೆ ಅದರ ಪೀಟ್ (ಮಾಲ್ಟ್ ಒಣಗಿಸುವಾಗ ಸುಡುವ ಜೌಗು ಮಣ್ಣು) ಹೊಗೆ ನಾಲಿಗೆ ಬಿಡುವುದಿಲ್ಲ. ಅದರಲ್ಲಿ ಆಲ್ಕೋಹಾಲ್ 46% ಬೇರೆ. ಗ್ಲೆನ್‌ಮೊರಾಂಜಿ ಒರಿಜಿನಲ್ ಸಾಮಾನ್ಯವಾಗಿ 40%, ನಿಮ್ಮ ಬಾಟಲಿಯ ಲೇಬಲ್ ಒಮ್ಮೆ ನೋಡಿ.

ಒಂದೇ ಆಕಾರದ ಎರಡು ಗ್ಲಾಸಿಗೆ 20 ಮಿಲಿಯಂತೆ ಹಾಕಿ. ಐಸ್ ಬೇಡವೇ ಬೇಡ, ತಣ್ಣಗಾದರೆ ಪರಿಮಳ ಏಳುವುದಿಲ್ಲ. ಆರ್ಡ್‌ಬೆಗ್‌ಗೆ 3 ಮಿಲಿ ನೀರು ಸೇರಿಸಿ, ಅದೂ 40%ಗೆ ಇಳಿಯುತ್ತದೆ. ಈಗ ಗ್ಲೆನ್‌ಮೊರಾಂಜಿಯಿಂದ ಶುರು ಮಾಡಿ. ಮೂಸುವುದೂ ಅದನ್ನೇ ಮೊದಲು. ವೆನಿಲ್ಲಾ ಹುಡುಕಿ, ಅದು ಒಳಗೆ ಸುಟ್ಟ ಅಮೆರಿಕನ್ ಓಕ್ ಪೀಪಾಯಿ ಕೊಟ್ಟದ್ದು. ಆಮೇಲೆ ನೀರು ಕುಡಿದು, ಸ್ವಲ್ಪ ಹೊತ್ತು ಬಿಟ್ಟು ಆರ್ಡ್‌ಬೆಗ್‌ಗೆ ಬನ್ನಿ. ಹೊಗೆಯ ಹಿಂದೆ ಅದೇ ವೆನಿಲ್ಲಾ ಇರುತ್ತದೆ. ಮೊದಲ ಗುಟುಕಿನಲ್ಲಿ ಸಿಗದಿರಬಹುದು, ಎರಡನೆಯದರಲ್ಲಿ ನೋಡಿ.