ಹಾಡು ಯಾರದು: ಕ್ವಾಯರ್‌ನದೋ, ಸಭೆಯದೋ?

ಪ್ರಶ್ನೆ: ಪುಣೆಯ ಒಂದು ಸಿ.ಎನ್.ಐ. (ಚರ್ಚ್ ಆಫ್ ನಾರ್ತ್ ಇಂಡಿಯಾ) ಸಭೆಯ ಕನ್ನಡ ಆರಾಧನೆಯಲ್ಲಿ ಇಪ್ಪತ್ತು ವರ್ಷಗಳಿಂದ ಹಾಡುತ್ತಿದ್ದೇನೆ. ಹಾರ್ಮೋನಿಯಂ, ತಬಲಾ ಮತ್ತು ಎಂಟು ಜನ, ಇಷ್ಟೇ ನಮ್ಮ ಕ್ವಾಯರ್. ಕಳೆದ ವರ್ಷ ಅಮೆರಿಕಕ್ಕೆ ಹೋದಾಗ ಮಗಳು ಹೋಗುವ ಎಪಿಸ್ಕೋಪಲ್ ಚರ್ಚಿನಲ್ಲಿ ಪೈಪ್ ಆರ್ಗನ್, ನಿಲುವಂಗಿ ತೊಟ್ಟ ಗಾಯಕರು, ಸಂಬಳ ಪಡೆಯುವ ಸಂಗೀತ ನಿರ್ದೇಶಕರು ಇದ್ದುದನ್ನು ಕಂಡೆ. ಅದನ್ನು ಅಲ್ಲಿ ‘ಮ್ಯೂಸಿಕ್ ಮಿನಿಸ್ಟ್ರಿ’ ಎನ್ನುತ್ತಾರೆ. ಹಾಡು ಆರಾಧನೆಗೆ ಅಲಂಕಾರವಷ್ಟೇ ಅಲ್ಲವೇ, ಅದನ್ನು ಸೇವೆ ಎನ್ನುವುದೇಕೆ? ಹಾಡುಗಳನ್ನು ಆರಿಸುವ ಅಧಿಕಾರ ಯಾರದು? ನಮ್ಮಲ್ಲಿ ಈ ವಿಷಯಕ್ಕೆ ಆಗಾಗ ಮನಸ್ತಾಪವಾಗುತ್ತದೆ.
— ಓದುಗರೊಬ್ಬರು, ಪುಣೆ

ಉತ್ತರ: ‘ಅಲಂಕಾರ’ ಎಂಬ ನಿಮ್ಮ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನೀವು ಹೇಳುವ ಮನಸ್ತಾಪದ ಬೇರು ಅಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಎಪಿಸ್ಕೋಪಲ್ ಚರ್ಚು ಆಂಗ್ಲಿಕನ್ ಪರಂಪರೆಯದು, ಅಂದರೆ ಇಂಗ್ಲೆಂಡಿನ ಚರ್ಚಿನಿಂದ ಬಂದದ್ದು. 1970ರಲ್ಲಿ ನಾಗಪುರದಲ್ಲಿ ರೂಪುಗೊಂಡ ನಿಮ್ಮ ಸಿ.ಎನ್.ಐ.ಯಲ್ಲಿಯೂ ಆ ಪರಂಪರೆಯ ಸಭೆಗಳು ಸೇರಿಕೊಂಡಿವೆ. ಈ ಪರಂಪರೆಯ ಆರಾಧನಾ ಕ್ರಮದಲ್ಲಿ ಹಾಡು ಎರಡು ಪ್ರಾರ್ಥನೆಗಳ ನಡುವಿನ ಬಿಡುವನ್ನು ತುಂಬುವ ವಸ್ತುವಲ್ಲ. ‘ಕರ್ತನೇ, ಕರುಣಿಸು’ ಎಂಬ ಮೊರೆ, ದಾವೀದನ ಕೀರ್ತನೆ, ಕರ್ತನ ಭೋಜನದ ಪ್ರಾರ್ಥನೆಯ ನಡುವೆ ಬರುವ ‘ಪರಿಶುದ್ಧನು, ಪರಿಶುದ್ಧನು, ಪರಿಶುದ್ಧನು’ ಎಂಬ ಸ್ತುತಿ, ಇವೆಲ್ಲ ಜನರ ಪಾಲಿನ ಪ್ರಾರ್ಥನೆಗಳೇ. ಇವನ್ನು ಹಾಡದೆ ಮಾತಿನಲ್ಲಿ ಹೇಳಲೂ ಅವಕಾಶವಿದೆ. ಆದರೆ ನೂರು ಜನ ಮಾತಿನಲ್ಲಿ ಹೇಳುವಾಗ ಒಬ್ಬೊಬ್ಬರೂ ಒಂದೊಂದು ವೇಗದಲ್ಲಿ ಸಾಗುತ್ತಾರೆ, ಹಾಡುವಾಗ ಒಟ್ಟಿಗೆ ಉಸಿರೆಳೆದುಕೊಳ್ಳುತ್ತಾರೆ. ಆ ಉಸಿರನ್ನು ಕೂಡಿಸಿಕೊಡುವ ಕೆಲಸಕ್ಕೇ ಸೇವೆ ಎಂಬ ಹೆಸರು.

ಅಧಿಕಾರದ ವಿಷಯದಲ್ಲಿ ಎಪಿಸ್ಕೋಪಲ್ ಚರ್ಚಿನ ನಿಯಮ ಸ್ಪಷ್ಟವಾಗಿದೆ. ಸಂಗೀತವು ದೇವರ ಮಹಿಮೆಗೆ ಕಾಣಿಕೆಯಾಗಿಯೂ ಜನರ ಆರಾಧನೆಗೆ ನೆರವಾಗಿಯೂ ಇರುವಂತೆ ನೋಡಿಕೊಳ್ಳುವುದು ಸಭಾಪಾಲಕರ (ಪಾದ್ರಿಗಳ) ಹೊಣೆ, ಕೊನೆಯ ಮಾತೂ ಅವರದೇ. ಆದರೆ ಅದೇ ನಿಯಮವು ಸಂಗೀತ ಬಲ್ಲವರ ನೆರವನ್ನು ಅವರು ಪಡೆಯಲೇಬೇಕೆಂದೂ, ಸಂದರ್ಭಕ್ಕೆ ಯಾವ ಸಂಗೀತ ಹೊಂದುತ್ತದೆಂಬುದನ್ನು ಇಬ್ಬರೂ ಕೂಡಿ ನೋಡಿಕೊಳ್ಳಬೇಕೆಂದೂ ಹೇಳುತ್ತದೆ. ಮೊದಲರ್ಧವನ್ನು ಮಾತ್ರ ಓದಿದ ಪಾಲಕರೂ ಎರಡನೆಯ ಅರ್ಧವನ್ನು ಮಾತ್ರ ಓದಿದ ಕ್ವಾಯರ್ ಮುಖ್ಯಸ್ಥರೂ ಒಂದೇ ಸಭೆಯಲ್ಲಿದ್ದರೆ ಜಗಳ ತಪ್ಪಿದ್ದಲ್ಲ.

ಅಲ್ಲಿ ಹಾಡುಗಳನ್ನು ಆರಿಸುವುದು ಶನಿವಾರ ಸಂಜೆಯ ಕೆಲಸವೂ ಅಲ್ಲ. ಸತ್ಯವೇದದ ಪಾಠಗಳು ಮೂರು ವರ್ಷಗಳ ಚಕ್ರದಲ್ಲಿ ಗೊತ್ತಾಗಿರುವುದರಿಂದ ನಿರ್ದೇಶಕರು ತಿಂಗಳುಗಳ ಮೊದಲೇ ಪಾಠವನ್ನೋದಿ ಅದಕ್ಕೆ ಒಪ್ಪುವ ಗೀತೆಯನ್ನು ಹುಡುಕುತ್ತಾರೆ. ಆ ಚರ್ಚಿನ 1982ರ ಮಹಾಸಮ್ಮೇಳನ ಒಪ್ಪಿದ ಗೀತಪುಸ್ತಕದಲ್ಲಿಯೇ 720 ಗೀತೆಗಳಿವೆ. ಈಸ್ಟರ್‌ಗೆ ಮೊದಲಿನ ಉಪವಾಸದ ಕಾಲವಾದ ಲೆಂಟ್‌ನಲ್ಲಿ ‘ಹಲ್ಲೆಲೂಯ’ ಎಂಬ ಸ್ತುತಿಯ ಮಾತನ್ನೇ ಆರಾಧನೆಯಿಂದ ತೆಗೆದಿರಿಸುತ್ತಾರೆ. ನಲವತ್ತು ದಿನ ಬಾಯಿಗೆ ಬಾರದ ಆ ಪದ ಈಸ್ಟರ್ ಹಬ್ಬದಂದು ಮರಳಿ ಬಂದಾಗ, ಪ್ರಸಂಗ ಕೇಳದ ಮಗುವಿಗೂ ಏನೋ ಬದಲಾಯಿತೆಂದು ತಿಳಿಯುತ್ತದೆ.

ನಿಲುವಂಗಿಯ ಕ್ವಾಯರ್ ನಮ್ಮ ಕಡೆಗೂ ಹೊಸದಲ್ಲ. ಮುಂಬಯಿಯ ಕೋಟೆ ಪ್ರದೇಶದಲ್ಲಿ 1718ರ ಕ್ರಿಸ್ಮಸ್‌ನಲ್ಲಿ ತೆರೆದ ಸೇಂಟ್ ಥಾಮಸ್ ಕೆಥೆಡ್ರಲ್‌ಗೆ ಹಾಡುವ ಹುಡುಗರನ್ನು ಒದಗಿಸಲೆಂದೇ 19ನೆಯ ಶತಮಾನದಲ್ಲಿ ಒಂದು ಶಾಲೆ ನಡೆಯುತ್ತಿತ್ತು. ಆದರೆ ದೊಡ್ಡ ಕ್ವಾಯರ್‌ಗೆ ಒಂದು ಅಪಾಯವಿದೆ. ನಾನು ಯುವಕನಾಗಿದ್ದಾಗ ಇಲ್ಲಿನ ಒಂದು ಸಭೆಯಲ್ಲಿ ನಾವು ಮೂರು ತಿಂಗಳು ಅಭ್ಯಾಸ ಮಾಡಿ ಈಸ್ಟರ್ ದಿನ ನಾಲ್ಕು ಧ್ವನಿಗಳಲ್ಲಿ ಒಂದು ಕಠಿಣ ರಚನೆಯನ್ನು ಹಾಡಿದೆವು. ಎಲ್ಲರೂ ಮೆಚ್ಚಿದರು, ಆದರೆ ಅಂದು ಯಾರೂ ಗೀತಪುಸ್ತಕವನ್ನು ತೆರೆಯಲೇ ಇಲ್ಲ. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಅಜ್ಜಿಯೊಬ್ಬರು ಹೊರಗೆ ಬಂದು, ‘ಈ ಹಬ್ಬಕ್ಕೆ ನನಗೆ ಹಾಡಲಿಕ್ಕೆ ಆಗಲಿಲ್ಲಪ್ಪ’ ಎಂದರು. ಅಂದಿನಿಂದ ಕ್ವಾಯರ್ ಚೆನ್ನಾಗಿ ಹಾಡಿತೇ ಎಂದು ನಾನು ಮೊದಲು ಕೇಳುವುದಿಲ್ಲ, ಸಭೆ ಹಾಡಿತೇ ಎಂದು ಕೇಳುತ್ತೇನೆ. ನಿಮ್ಮ ಎಂಟು ಜನ ಈ ಅಳತೆಯಲ್ಲಿ ಯಾವ ಆರ್ಗನ್‌ಗೂ ಕಡಿಮೆಯಲ್ಲ.

ಸಭೆ ಹಾಡಲಾರದ ಹೊತ್ತೂ ಒಂದಿದೆ. ಎಪಿಸ್ಕೋಪಲ್ ಚರ್ಚಿನ 1979ರ ಪ್ರಾರ್ಥನಾ ಪುಸ್ತಕವು ಶವಸಂಸ್ಕಾರದ ಆರಾಧನೆಯನ್ನು ಈಸ್ಟರಿನ ಆರಾಧನೆಯೆಂದೇ ಕರೆಯುತ್ತದೆ, ಪುನರುತ್ಥಾನದಲ್ಲಿಯೇ ಅದರ ಅರ್ಥವೆಲ್ಲ ಇದೆ ಎನ್ನುತ್ತದೆ. ಆದರೆ ಗಂಟಲು ಕಟ್ಟಿದ ಮನೆಯವರಿಂದ ಈಸ್ಟರಿನ ಹಾಡು ಹೊರಡದು. ಆಗ ಅವರ ಪಾಲಿನದನ್ನು ಅವರಿಗಾಗಿ ಹಾಡುವವರು ಬೇಕು. ವಾರದ ದಿನ ಕಚೇರಿಗೆ ರಜೆ ಹಾಕಿ ಬಂದು ಹಾಡುವ ಕ್ವಾಯರ್ ಮಾಡುವುದು ಇದನ್ನೇ, ಮತ್ತು ಸಭೆಯ ಜೀವನದಲ್ಲಿ ಇದಕ್ಕಿಂತ ಹಿರಿದಾದ ಸಂಗೀತ ಸೇವೆಯನ್ನು ನಾನು ಕಂಡಿಲ್ಲ.

ನಮ್ಮ ಮುಂಬಯಿ, ಪುಣೆಗಳ ಕನ್ನಡ ಸಭೆಗಳಿಗೆ ಇನ್ನೊಂದು ಕಷ್ಟವಿದೆ. ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಬಾಸೆಲ್ ಮಿಷನ್ನಿನ ಕಿಟೆಲ್ ಅವರು ಕನ್ನಡ ನಿಘಂಟಿಗಾಗಿ ಪ್ರಸಿದ್ಧರು, ಆದರೆ ಅದಕ್ಕಿಂತ ಎಷ್ಟೋ ಮೊದಲು, 1862ರಲ್ಲಿಯೇ, ಅವರು ಯೇಸುವಿನ ಕಥೆಯನ್ನು ಭಾರತೀಯ ಛಂದಸ್ಸಿನಲ್ಲಿ ಕನ್ನಡ ಪದ್ಯವಾಗಿಸಿದ್ದರು. ಹಾಡಿನ ಲಯ ಜನರ ಕಿವಿಗೆ ಪರಿಚಿತವಾಗಿರಬೇಕೆಂದು ಬಲ್ಲವರು ಅವರು. ನೀವೂ ಆ ದಾರಿ ಹಿಡಿಯಬಹುದು. ಕನ್ನಡ ಗೀತೆಗಳನ್ನು ಮಕ್ಕಳು ಶಾಲೆಯಲ್ಲಿ ಕಲಿತ ದೇವನಾಗರಿಯಲ್ಲಿ ಬರೆಸಿ ಹಂಚಿರಿ. ತಿಂಗಳಿಗೆ ಒಂದೇ ಹೊಸ ಗೀತೆಯನ್ನು ಆರಿಸಿ, ಆರಾಧನೆಗೆ ಹತ್ತು ನಿಮಿಷ ಮೊದಲು ಇಡೀ ಸಭೆಗೆ ಕಲಿಸಿರಿ. ಪಾಲಕರೊಂದಿಗೆ ಮೂರು ತಿಂಗಳ ಪಾಠಗಳನ್ನು ಮುಂದಿಟ್ಟುಕೊಂಡು ಒಮ್ಮೆ ಕುಳಿತರೆ ನಿಮ್ಮ ಮನಸ್ತಾಪಗಳಲ್ಲಿ ಹೆಚ್ಚಿನವು ಏಳುವುದೇ ಇಲ್ಲ.

ಪ್ರಶ್ನೆ: ಮಗನ ಮದುವೆಯ ಆರಾಧನೆಯಲ್ಲಿ ಸಿನಿಮಾ ಹಾಡೊಂದನ್ನು ಹಾಡಿಸಬೇಕೆಂದು ಹುಡುಗಿಯ ಮನೆಯವರ ಆಸೆ. ಕ್ವಾಯರ್‌ನವರು ಒಪ್ಪುತ್ತಿಲ್ಲ.
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಕ್ವಾಯರ್‌ನವರನ್ನು ಒತ್ತಾಯಿಸಬೇಡಿ. ಮದುವೆಯೂ ಸಭೆಯ ಆರಾಧನೆಯೇ ಆದ್ದರಿಂದ ಪಾಲಕರನ್ನು ಕೇಳಿ, ಅವರ ಮಾತಿನಂತೆ ನಡೆಯಿರಿ. ಆ ಹಾಡನ್ನು ಊಟದ ಹಾಲ್‌ನಲ್ಲಿ ಹಾಡಿಸಿದರೆ ಹುಡುಗಿಯ ಮನೆಯವರ ಆಸೆಯೂ ನಡೆಯುತ್ತದೆ.